ಸಲ್ಮಾ ಒಲ್ಲೆ ಅನ್ನಲಿಲ್ಲ

ಸಲ್ಮಾ ಒಲ್ಲೆ ಅನ್ನಲಿಲ್ಲ. ಬರುತ್ತೇನೆ ಎಂದೇ ಹೇಳಿದ್ದಳು. ಆಕೆ ಒಲ್ಲೆ ಅಂದಳು ಎಂದು ನಿಮ್ಮ ಅಜ್ಜನಿಗೆ ಸುಳ್ಳು ಹೇಳಿದವಳು ನಾನು. ಅದೇ ಸುಳ್ಳನ್ನು ಮುಂದೆ ನಿಮ್ಮ ಅವ್ವನಿಗೆ, ಬೀಗರಿಗೆ, ಓಣಿಯವರಿಗೆ, ಕೊನೆಗೆ ನಿಮಗೂ ಹೇಳಿದೆ — ಹೇಳದೇ ಇದ್ದಾಗ, ಬೇರೆಯವರು ಹೇಳುತ್ತಿದ್ದರೆ ತಲೆ ಆಡಿಸುತ್ತ ಕುಳಿತೆ.

ಅಕ್ಷತಾ, ಸಂಗಮೇಶ, ಇದನ್ನು ನಾನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲೆಂದು ಮೊನ್ನೆ ನಿಮ್ಮ ಪಕ್ಕದಲ್ಲಿ ಬಂದು ಕುಳಿತೆ ಕೂಡ. ಅಕ್ಷತಾ, ನೀನು ಮಾವಿನಹಣ್ಣು ಕೊಯ್ಯುತ್ತಿದ್ದೆ. “ಏನ ಆಯಿ?” ಅಂದೆ. “ಏನಿಲ್ಲ, ಸಿಪ್ಪಿ ಎಮ್ಮಿಗೆ ಹಾಕ” ಅಂದು ನಾನು ಎದ್ದು ಬಂದೆ. ನಿಮ್ಮ ಆಯಿ ಇಂಥವಳೇ. ಮನೋಳಿಯ ಸಾಲೆಯಲ್ಲಿ ಹಾಜರಿ ಕರೆದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. “ನೀಲಾ, ನಿನ್ನ ಬಾಯಿ ಮನ್ಯಾಗ ಬಿಟ್ಟ ಬಂದೀಯೇನ?” ಎಂದು ಮಾಸ್ತರರು ಕೇಳಿದರೆ ಎಲ್ಲರೂ ನಗುತ್ತಿದ್ದರು. ಏಳನೆಯ ಇಯತ್ತೆಗೆ ನನ್ನ ಸಾಲೆ ಮುಗಿಯಿತು. ಬರೆಯುವುದು ಮಾತ್ರ ಅಂದಿನಿಂದಲೂ ಮಾತಿಗಿಂತ ಸಲೀಸು. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾತು ಕಡಿಮೆ ಆಡುವ ಹೆಂಗಸು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ನನ್ನ ಸುಳ್ಳು ಇಷ್ಟು ವರ್ಷ ಬಾಳಿದ್ದು ಆ ನಂಬಿಕೆಯ ಮೇಲೆ.

ನಿಮ್ಮ ಅಜ್ಜ ಮದುವೆಗೆ ಮುಂಚೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುತ್ತಿದ್ದರು. ಆಮೇಲೆ ಕುವೈತಿಗೆ ಹೋದರು, ಕಟ್ಟಡ ಕಟ್ಟುವವರ ಹತ್ತಿರ ಲಾರಿ ಡ್ರೈವರ್ ಆಗಿ. ಸ್ವಲ್ಪ ವರ್ಷಕ್ಕೆ ನನ್ನನ್ನೂ ಕರೆಸಿಕೊಂಡರು. ನಿಮ್ಮ ಅವ್ವ ಸುಜಾತಾ ಆಗ ತೊಡೆಯ ಮೇಲಿನ ಕೂಸು. ನಮಗೆ ಹವಲ್ಲಿ ಎಂಬ ಬಡಾವಣೆಯಲ್ಲಿ ನೆಲಮಾಳಿಗೆಯ ಮನೆ. ಎಲ್ಲಕ್ಕೂ ಮೇಲಿನ ಮಾಳಿಗೆಯಲ್ಲಿ ಸಲ್ಮಾ ಮತ್ತು ಅವಳ ತಾಯಿ ಇದ್ದರು. ಅವರು ಪ್ಯಾಲೆಸ್ತೀನಿನವರು. ಊರು ಬಿಟ್ಟು ಬಂದವರ ಮಕ್ಕಳು, ನಮಗಿಂತ ಮೊದಲೇ ಪರದೇಶಿಗಳಾದವರು. ಸಲ್ಮಾ ಹುಡುಗಿಯರ ಸಾಲೆಯಲ್ಲಿ ಕಲಿಸುತ್ತಿದ್ದಳು, ಮದುವೆ ಆಗಿರಲಿಲ್ಲ. ತಾಯಿಯನ್ನು ಎಲ್ಲರೂ ತೇತಾ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಅಜ್ಜಿ ಎಂದರ್ಥ. ತೇತಾಗೆ ಕಾಲು ಬಿದ್ದುಹೋಗಿದ್ದವು. ಸಕ್ಕರೆ ಕಾಯಿಲೆಯೂ ಇತ್ತು, ದಿನಾ ಸೂಜಿ ಬೇಕಾಗುತ್ತಿತ್ತು.

ಆ ಊರಿನಲ್ಲಿ ನನಗೆ ಬಾಯಿ ಬರಿಸಿದವಳು ಸಲ್ಮಾ. ಸುಜಾತಾಗೆ ಜ್ವರ ಏರಿ ಕಣ್ಣು ಮೇಲಾದಾಗ — ನಿಮ್ಮ ಅಜ್ಜ ಕೆಲಸಕ್ಕೆ ಹೋಗಿದ್ದರು — ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ದವಾಖಾನೆಗೆ ಓಡಿದವಳೂ ಅವಳೇ. ನಾನು ಹಿಂದೆ ಅವಳ ಚಪ್ಪಲಿ ಹಿಡಿದು ಓಡಿದೆ. ಊರಿಂದ ಬರುವಾಗ ತಂದ ಜೋಳದ ಹಿಟ್ಟು ಮುಗಿಯುವವರೆಗೂ ಆಕೆಗೆ ನಮ್ಮಲ್ಲೇ ರೊಟ್ಟಿ. ಬಡಿಯುವ ಸಪ್ಪಳ ಕೇಳಿದರೆ ಮೇಲಿನಿಂದಲೇ ಕೂಗುತ್ತಿದ್ದಳು: “ನೀಲಾ, ಚಪ್ಪಾಳೆ ಯಾರಿಗೆ ಹೊಡೀತಿ? ನಾ ಬರೋಕಿಂತ ಮುಂಚೇನ ಸುರು ಮಾಡಿಯಲ್ಲ.” ಆಕೆ ಆಡಿದ್ದು ಅರೇಬಿಕ್. ನನಗೆ ಅದು ಕೇಳಿಸಿದ್ದು, ಈಗ ನೆನಪಾಗುವುದು ನಮ್ಮ ಮಾತಿನಲ್ಲೇ, ಹಾಗೇ ಬರೆಯುತ್ತೇನೆ.

ಸಂಜೆ ನಾನು ಅವರ ಮನೆಯಿಂದ ಎದ್ದು ಬರುವಾಗ “ಬರತೇನಿ” ಅನ್ನುತ್ತಿದ್ದೆ. ಆ ಒಂದು ಮಾತನ್ನು ಕನ್ನಡದಲ್ಲೇ ಅನ್ನುತ್ತಿದ್ದೆ, ಬಾಯಿಗೆ ಬೇರೆ ಬರುತ್ತಿರಲಿಲ್ಲ. ಒಂದು ದಿನ ಸಲ್ಮಾ ಅದರ ಅರ್ಥ ಕೇಳಿದಳು. ಹೇಳಿದೆ.

“ಹೊಂಟಾಕಿ ನೀನು. ಮತ್ತ ಬರತೇನಿ ಅಂತೀಯಲ್ಲ?”

“ನಮ್ಮ ಕಡೆ ಹೋಗತೇನಿ ಅನ್ನಬಾರದು. ಹೋಗತೇನಿ ಅಂದ್ರ ಹೋದಾಂಗ ಆಗತೈತಿ. ಬರತೇನಿ ಅಂದ್ರ ತಿರುಗಿ ಬರತೇನಿ ಅಂತ.”

“ಹಂಗಾದ್ರ ಇದು ಆಣಿ ಇದ್ದಾಂಗ.”

ಆಣೆ ಅಲ್ಲ, ಬರೀ ರೂಢಿಯ ಮಾತು, ಯಾರ ಮನೆಯಿಂದ ಎದ್ದರೂ ಅನ್ನುತ್ತೇವೆ, ಅಂದವರು ವರ್ಷಗಟ್ಟಲೆ ಬರದೆಯೂ ಇರುತ್ತಾರೆ — ಇಷ್ಟನ್ನು ಹೇಳುವಷ್ಟು ಅರೇಬಿಕ್ ನನ್ನ ಹತ್ತಿರ ಇರಲಿಲ್ಲ. “ಹೂಂ” ಅಂದುಬಿಟ್ಟೆ. ಅವತ್ತಿನಿಂದ ಆ ಮಾತು ಅವರ ಮನೆಯಲ್ಲಿ ಒಂದು ಆಟ ಆಯಿತು. ತೇತಾ ಹಾಸಿಗೆಯಲ್ಲಿ ಮಲಗಿದಲ್ಲೇ ನನ್ನನ್ನು ಕಾಡುತ್ತಿದ್ದಳು: “ಆಣಿ ಇಟ್ಟ ಹೋಗೀಯವ್ವ, ನಾಳೆ ಬರದಿದ್ರ ನಿನ್ನ ಗಂಡಗ ಬ್ಯಾರೆ ಹೆಣ್ಣ ತರತೇನಿ.” ನಾನು ಮರುದಿನ ತಪ್ಪದೆ ಹೋಗುತ್ತಿದ್ದೆ. ಹೋಗುವುದು ನನಗೇ ಬೇಕಾಗಿತ್ತು. ಆದರೆ ಅವರಿಗೆ ಆ ಮಾತಿನ ಮೇಲೆ ನಂಬಿಕೆ ಗಟ್ಟಿ ಆಗುತ್ತ ಹೋಯಿತು.

ಆಮೇಲೆ ಯುದ್ಧ ಬಂತು. ಅದರ ಕಥೆ ನಿಮಗೆ ಗೊತ್ತು — ಬೆಳಗಾಗುವುದರಲ್ಲಿ ಬೀದಿಯ ತುಂಬ ಇರಾಕಿನ ಟ್ಯಾಂಕು, ಮಾಲಕ ಓಡಿಹೋದದ್ದು, ಲಾರಿ ನಿಮ್ಮ ಅಜ್ಜನ ಕೈಯಲ್ಲೇ ಉಳಿದದ್ದು, ಅಂಗಡಿಗಳು ಬರಿದಾದದ್ದು. ಅಜ್ಜ ಅದನ್ನೆಲ್ಲ ನಿಮಗೆ ನನಗಿಂತ ಚಂದ ಹೇಳುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಬಾಗ್ದಾದಿನ ಮೇಲಿಂದ ಜೋರ್ಡಾನಿಗೆ ದಾರಿ ಬಿಟ್ಟಿದ್ದಾರೆ, ಅಲ್ಲಿಂದ ನಮ್ಮ ಸರಕಾರದ ವಿಮಾನ ಸಿಗುತ್ತದೆ ಎಂಬ ಸುದ್ದಿ ಬಂತು. ಅಜ್ಜ ಲಾರಿ ತಯಾರು ಮಾಡಿದರು. ಜೊತೆಗೆ ಕೆಲಸ ಮಾಡುವವರು, ಅವರ ಹೆಂಡಿರು ಮಕ್ಕಳು, ನೀರಿನ ಡ್ರಮ್ಮು, ಖುಬ್ಬೂಸ್ ರೊಟ್ಟಿಯ ಚೀಲ. ಕಬ್ಬು ಹೇರುವ ಕೈ ಅವರದು. ಎಲ್ಲಿ ಏನಿಟ್ಟರೆ ಎಷ್ಟು ಜನ ಹಿಡಿಯುತ್ತಾರೆ ಎಂಬ ಲೆಕ್ಕ ಅವರ ಕಣ್ಣಿನಲ್ಲೇ ಇತ್ತು.

ಬೆಳಗಿನ ಹೊತ್ತು, ಹಗ್ಗ ಬಿಗಿಯುತ್ತ ನನಗೆ ಹೇಳಿದರು:

“ಸಲ್ಮಾಬಾಯಿನ್ನ ಕರಕೊಂಡ ಬಾ. ಅವರ ತಮ್ಮ ಅಮ್ಮಾನದಾಗ ಅದಾನ, ನಮ್ಮ ದಾರೀನೂ ಅಲ್ಲಿಗೇ. ಮುದುಕಿಗೆ ಮಲಗಾಕ ಜಾಗಾ ಮಾಡತೇನಿ. ನಿನ್ನ ಟ್ರಂಕ ಇಳಸಬೇಕಾಗತೈತಿ ನೋಡ.”

“ಇಳಸೂದ?”

“ಮತ್ತ? ಮನಷ್ಯಾರ ಹೋಗಬೇಕೋ, ಗಾಜಿನ ತಟ್ಟಿ ಹೋಗಬೇಕೋ?”

ಟ್ರಂಕಿನಲ್ಲಿ ಗಾಜಿನ ತಟ್ಟೆಗಳ ಒಂದು ಸೆಟ್ಟು ಇತ್ತು, ಎರಡು ದಪ್ಪ ಕಂಬಳಿ, ಒಂದು ಮಿಕ್ಸರು, ನನ್ನ ಅಕ್ಕತಂಗಿಯರಿಗೆಂದು ಕೂಡಿಟ್ಟ ಸೀರೆಗಳು. ಬೈಲಹೊಂಗಲಕ್ಕೆ ಬರಿಗೈಯಲ್ಲಿ ಇಳಿಯಬಾರದು ಎಂದು ನಾನು ಒಂದೊಂದಾಗಿ ಕೂಡಿಸಿದ್ದು.

ನಾನು ಮೇಲೆ ಹತ್ತಿದೆ. ಕರೆಂಟು ಇರಲಿಲ್ಲ, ಲಿಫ್ಟು ಕೆಟ್ಟು ನಿಂತಿತ್ತು. ಸಲ್ಮಾ ಬಾಗಿಲಲ್ಲೇ ನಿಂತಿದ್ದಳು, ಕೆಳಗೆ ಇಂಜಿನ್ನಿನ ಸದ್ದು ಕೇಳಿ. ನಾನು ವಿಷಯ ಹೇಳಿ ಮುಗಿಸುವ ಮೊದಲೇ ನನ್ನ ಎರಡೂ ಕೈ ಹಿಡಿದುಕೊಂಡಳು. ತೇತಾನ ಸೂಜಿಯ ಔಷಧ ತಳ ಕಂಡಿತ್ತು, ಊರಲ್ಲೆಲ್ಲೂ ಸಿಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು — ಇದನ್ನು ನೀವು ಗುರುತು ಹಾಕಿಕೊಂಡು ಓದಿರಿ — ನನಗೆ ಗೊತ್ತಿತ್ತು.

“ಬರತೇವಿ ನೀಲಾ. ಈಗ ಬರತೇವಿ. ತೇತಾನ ಬಟ್ಟಿ ಹಸಿ ಆಗ್ಯಾವ, ಬದಲ ಮಾಡತೇನಿ. ನೀ ಹೋಗಿ ನಿನ್ನ ಗಂಡನ್ನ ಕರಕೊಂಡ ಬಾ, ಖುರ್ಚಿ ಸಮೇತ ಇಳಸೋಣು.”

ಒಳಗಿನಿಂದ ಆ ವಾಸನೆ ಬಂತು. ಆ ಬಟ್ಟೆಗಳನ್ನು ನಾನೇ ಎಷ್ಟೋ ಸಲ ಬದಲಿಸಿದ್ದೆ, ಒಗೆದಿದ್ದೆ, ಹೇಸಿಗೆ ಅನಿಸಿರಲಿಲ್ಲ. ಅವತ್ತು ಅನಿಸಿತು. ಆ ಬಿಸಿಲು, ತಾಡಪಾಲಿನ ಕೆಳಗೆ ಅಷ್ಟು ಜನ, ನನ್ನ ಕೂಸು — ಮತ್ತು ಟ್ರಂಕು.

“ಬರತೇನಿ” ಅಂದೆ.

ಸಲ್ಮಾ ಆಗಲೇ ಒಳಗೆ ತಿರುಗಿದ್ದಳು. ನನ್ನ ಮುಖ ನೋಡಲಿಲ್ಲ. ಆ ಮಾತಾದ ಮೇಲೆ ಮುಖ ನೋಡುವ ಅಗತ್ಯ ಅವಳಿಗೆ ಕಂಡಿರಲಿಕ್ಕಿಲ್ಲ.

ಮೆಟ್ಟಿಲು ಇಳಿಯುವಾಗ ನಾನು ಇನ್ನೂ ಸುಳ್ಳು ಹೇಳಿರಲಿಲ್ಲ. ನನ್ನಷ್ಟಕ್ಕೆ ನಾನು ಅಂದುಕೊಂಡೆ — ಎದ್ದು ಬರುವಾಗ ಅನ್ನುವ ಮಾತನ್ನಷ್ಟೇ ಅಂದಿದ್ದೇನೆ, ನಮ್ಮವರೆಲ್ಲ ಅನ್ನುವುದನ್ನೇ. ಆದರೆ ಅದನ್ನು ಆಣೆ ಎಂದು ಒಪ್ಪಿಕೊಂಡು ಹೂಂ ಅಂದವಳೂ ನಾನೇ ಅಲ್ಲವೇ. ಒಂದು ಮಾತಿಗೆ ಎರಡು ಅರ್ಥ ಇದೆ ಎಂದು ಗೊತ್ತಿದ್ದೇ, ನನಗೆ ಬೇಕಾದ ಅರ್ಥದ ಹಿಂದೆ ಅಡಗಿ ಕೆಳಗೆ ಇಳಿದೆ.

“ಏನಂದ್ರು?” ಅಂದರು ನಿಮ್ಮ ಅಜ್ಜ.

“ಒಲ್ಲೆ ಅಂದ್ರು. ತೇತಾನ ಅಷ್ಟ ದೂರ ಒಯ್ಯಾಕ ಆಗೂದಿಲ್ಲಂತ.”

ಅವರು ಮೇಲಿನ ಕಿಟಕಿಯ ಕಡೆ ನೋಡಿದರು. “ನಾ ಒಮ್ಮೆ ಹೋಗಿ ಕೇಳಲೇನ?”

“ಬ್ಯಾಡ್ರಿ. ತ್ರಾಸ ಮಾಡಬ್ಯಾಡ್ರಿ ಅಂದಾರ.”

ಲಾರಿಯ ಮೇಲಿದ್ದ ಒಬ್ಬರು “ಒಲ್ಲೆ ಅಂದ್ರ ಬಿಡ್ರಿ, ಬಿಸಿಲ ಏರಾಕಹತ್ತೈತಿ” ಅಂದರು. ನಿಮ್ಮ ಅಜ್ಜ ಹತ್ತಿ ಕುಳಿತು, ಹೊರಡುವ ಮುಂಚೆ ಹಾರ್ನು ಹಾಕಿದರು. ಅದು ಅವರ ಬೀಳ್ಕೊಡುಗೆ. ಮೇಲೆ ತಾಯಿಯ ಬಟ್ಟೆ ಬದಲಿಸುತ್ತಿದ್ದ ಸಲ್ಮಾಗೆ ಆ ಹಾರ್ನು “ಲಗೂ ಬರ್ರಿ” ಎಂದು ಕೇಳಿಸಿರಬೇಕು.

ಟ್ರಂಕು ನಮ್ಮ ಜೊತೆ ಜೋರ್ಡಾನಿನ ಗಡಿಯವರೆಗೆ ಬಂತು. ಅಲ್ಲಿ ಲಾರಿ ಬಿಡಬೇಕಾಯಿತು, ಕೈಯಲ್ಲಿ ಹಿಡಿದಷ್ಟೇ ಸಾಮಾನು ಅಂದರು. ಎಲ್ಲರ ಟ್ರಂಕುಗಳೂ ಮರಳಲ್ಲಿ ಸಾಲಾಗಿ ಬಿದ್ದಿದ್ದವು. ನಮ್ಮದನ್ನೂ ಅಲ್ಲೇ ಇಟ್ಟೆವು. ನಾನು ಒಂದು ಕಂಬಳಿ ತೆಗೆದುಕೊಳ್ಳಲೇ ಎಂದು ಕೇಳಿದೆ. ಅದಕ್ಕೂ ಕೈ ಇರಲಿಲ್ಲ, ಸುಜಾತಾ ಇದ್ದಳು. ಡೇರೆಯಲ್ಲಿ ದಿನಗಳನ್ನು ಕಳೆದು ಮುಂಬಯಿಗೆ ಬಂದು, ಅಲ್ಲಿಂದ ರೈಲು ಹಿಡಿದು, ಕಡೆಗೆ ಬೈಲಹೊಂಗಲಕ್ಕೆ ಬರಿಗೈಯಲ್ಲೇ ಇಳಿದೆವು. ಯಾರೂ ಏನೂ ಅನ್ನಲಿಲ್ಲ. ನನ್ನ ಅತ್ತೆ ಕೂಸನ್ನು ಎತ್ತಿಕೊಂಡು ಒಳಗೆ ಹೋದರು, ಅಷ್ಟೇ.

ಇನ್ನು ಮುಂದಿನದನ್ನು ಬರೆಯುವುದೇ ಕಷ್ಟ. ಯಾಕೆಂದರೆ ನನ್ನ ಬದುಕು ಚೆನ್ನಾಗಿ ಆಯಿತು. ಹಗಲೂ ಇರುಳೂ ಬೆಂದೆ, ತುತ್ತು ಇಳಿಯಲಿಲ್ಲ ಎಂದು ಬರೆದರೆ ನಿಮಗೆ ನನ್ನ ಮೇಲೆ ಕರುಣೆ ಬಂದೀತು, ಆದರೆ ಅದು ಇನ್ನೊಂದು ಸುಳ್ಳು. ನಾನು ಉಂಡೆ, ನಿದ್ದೆ ಮಾಡಿದೆ. ಎಮ್ಮೆ ಕಟ್ಟಿದೆ, ಹೊಲ ನೋಡಿಕೊಂಡೆ. ಸವದತ್ತಿಯ ಸಂತೆಗೆ ಅಕ್ಕತಂಗಿಯರ ಜೊತೆ ಹೋಗಿ ನಕ್ಕು ನಕ್ಕು ಬಂದೆ. ಸುಜಾತಾ ಕಲಿತಳು, ಒಳ್ಳೆಯ ಮನೆ ಸಿಕ್ಕಿತು, ನೀವು ಬಂದಿರಿ. ನಿಮ್ಮ ಅಪ್ಪನ ಕೆಲಸ ಅದೇ ಕುವೈತಿನಲ್ಲಿ ಎಂದು ತಿಳಿದಾಗ ಒಂದು ಕ್ಷಣ ಆ ಮೆಟ್ಟಿಲು ನೆನಪಾಗಿತ್ತು, ಆಮೇಲೆ ಅದನ್ನೂ ಮರೆತೆ. ಸಲ್ಮಾ ನೆನಪಾಗುತ್ತಿದ್ದಳು — ರೊಟ್ಟಿ ಬಡಿಯುವಾಗ ಹೆಚ್ಚು — ನಾನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದೆ.

ಯುದ್ಧ ನಮ್ಮ ಮನೆಯಲ್ಲಿ ಉಳಿದದ್ದು ಬೇರೆ ರೀತಿಯಲ್ಲಿ. ನಿಮಗೆ ನಗು ಬರುವ ರೀತಿಯಲ್ಲಿ. ಅಜ್ಜ ಗಾಡಿಯ ಎಣ್ಣೆಯ ಮುಳ್ಳನ್ನು ಅರ್ಧಕ್ಕಿಂತ ಕೆಳಗೆ ಇಳಿಯಗೊಡುತ್ತಿರಲಿಲ್ಲ. ನಳ ಬರುವ ಮನೆಯಲ್ಲಿ ಡ್ರಮ್ಮುಗಟ್ಟಲೆ ನೀರು. ಪಾಸ್‌ಪೋರ್ಟಿನ ಚೀಲ ಬಾಗಿಲ ಹಿಂದಿನ ಗೂಟಕ್ಕೆ. ನಿಮ್ಮ ಅವ್ವ ಇವತ್ತಿಗೂ ದೀಪಾವಳಿಯಲ್ಲಿ ಪಟಾಕಿ ಹಾರಿದರೆ ಆ ಸದ್ದು ಕೇಳಬಾರದೆಂದು ಅಡುಗೆಮನೆಗೆ ಹೋಗಿ ಮಿಕ್ಸರು ಹಚ್ಚುತ್ತಾಳೆ. ಈ ವರ್ಷ ಆ ಕಡೆಯ ಆಕಾಶದಲ್ಲಿ ಮತ್ತೆ ಕ್ಷಿಪಣಿ ಹಾರಿ ನೀವು ಕುವೈತು ಬಿಟ್ಟು ಇಲ್ಲಿಗೆ ಬಂದಾಗ, ಬಾಗಿಲ ಹಿಂದಿನ ಚೀಲ ನೋಡಿ ಸಂಗಮೇಶ ಅಂದ: “ಅಜ್ಜ ಖರೇನ ಶ್ಯಾಣ್ಯಾ ಇದ್ದ, ಆಯಿ.”

ಮತ್ತೆ ಆ ಕಥೆ. ಮದುವೆ, ಸೀಮಂತ, ಯಾವ ಕೂಟವಾದರೂ ಅಜ್ಜ ಹೇಳುತ್ತಿದ್ದರು: “ನಮ್ಮಾಕಿ ಮಾತಾಡಾಕ ಹೆದರತಾಳ ಅಂತೀರಿ. ಗುಂಡಿನ ಸಪ್ಪಳದಾಗ ಮ್ಯಾಲಿನ ಮಾಳಿಗಿ ಹತ್ತಿ ಹೋಗಿ ಕರದ್ಲು. ಆಕಿ ಒಲ್ಲೆ ಅಂದ್ಲು. ಅವರವರ ಋಣ.” ಕೇಳಿದವರು ನನ್ನ ಕಡೆ ತಿರುಗಿ ನೋಡುತ್ತಿದ್ದರು. ಸಂಗಮೇಶ, ನೀನಂತೂ ಚಿಕ್ಕವನಿದ್ದಾಗ “ಕಿತ್ತೂರ ಕ್ವಾಟಿ ಕಾಯಾಕ ನಮ್ಮ ಆಯಿನ್ನ ಕಳಸಬೇಕಿತ್ತ” ಅನ್ನುತ್ತಿದ್ದೆ. ನಾನು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ನಾಚಿಕೆ ಎಂದು ತಿಳಿದರು ಎಲ್ಲರೂ.

ನಿಮ್ಮ ಅಜ್ಜನಿಗೆ ಗೊತ್ತಿತ್ತೋ? ಇದನ್ನು ನಾನು ಖಚಿತವಾಗಿ ಹೇಳಲಾರೆ. ಯುದ್ಧ ಮುಗಿದು ಕೆಲವು ಕಾಲದ ಮೇಲೆ ಅವರು ಕೆಲಸಕ್ಕೆ ತಿರುಗಿ ಹೋಗಿದ್ದರು, ಒಬ್ಬರೇ. ರಜೆಗೆ ಬಂದಾಗ, ಊಟಕ್ಕೆ ಕುಳಿತು, ನನ್ನ ಕಡೆ ನೋಡದೆ ಹೇಳಿದರು. ಹವಲ್ಲಿಯ ಆ ಕಟ್ಟಡಕ್ಕೆ ಹೋಗಿದ್ದರಂತೆ, ಹಳೆಯ ಕಾವಲುಗಾರನೇ ಇದ್ದನಂತೆ, ಈಜಿಪ್ತಿನವನು. ನಾವು ಹೊರಟ ದಿನ ಸಲ್ಮಾ ತೇತಾನ ತಲೆ ಬಾಚಿ, ಹೊಸ ಬಟ್ಟೆ ಹಾಕಿ, ಖುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಬಾಯಿಗೆ ತಂದಿಟ್ಟುಕೊಂಡು ಸಂಜೆಯವರೆಗೂ ಕುಳಿತಿದ್ದಳಂತೆ. ಲಾರಿ ಹೋಯಿತು ಎಂದು ಅವನು ಹೇಳಿದರೆ, ಎಣ್ಣೆ ಹಾಕಿಸಲು ಹೋಗಿರಬೇಕು ಅಂದಳಂತೆ. ಪಕ್ಕದವರ ಕಾರಿನಲ್ಲಿ ಜಾಗ ಇತ್ತು, ಕರೆದರು. ನೀಲಾ ಬರುತ್ತಾಳೆ ಎಂದು ಅವರನ್ನು ಕಳಿಸಿಬಿಟ್ಟಳಂತೆ. ತೇತಾ ಆ ಚಳಿಗಾಲ ದಾಟಲಿಲ್ಲ. ಯುದ್ಧವಾದ ಮೇಲೆ ಅವರ ಜನರನ್ನೆಲ್ಲ ಅಲ್ಲಿಂದ ಎಬ್ಬಿಸಿದರು. ಸಲ್ಮಾ ಒಬ್ಬಳೇ ಅಮ್ಮಾನಿಗೆ ಹೋದಳು.

ಇಷ್ಟು ಹೇಳಿ ಅಜ್ಜ ಕೇಳಿದರು, “ಆಕಿ ಒಲ್ಲೆ ಅಂದಿದ್ದು ನಿನಗ ಬರೋಬ್ಬರಿ ಕೇಳಿಸಿತ್ತಿಲ್ಲೋ?”

“ಹೂಂ.”

“ಆಕಿ ಮಾತ ನಿನಗ ತಿಳೀಲಿಲ್ಲೇನೋ.”

ಅವರು ನನಗೆ ಒಂದು ಬಾಗಿಲು ತೆರೆದುಕೊಟ್ಟರು. ನಾನು ಅದರೊಳಗೆ ಹೋದೆ. “ತಿಳಿದಿರಲಿಕ್ಕಿಲ್ರಿ” ಅಂದೆ. ಅವರು ಇನ್ನೊಂದು ರೊಟ್ಟಿ ಕೇಳಿದರು, ಹಾಕಿದೆ. ಆಮೇಲೂ ಆ ಕಥೆಯನ್ನು ಮೊದಲಿನಂತೆಯೇ ಹೇಳುತ್ತ ಬಂದರು; ಒಂದು ಶಬ್ದ ಬದಲಾಗಲಿಲ್ಲ. “ಒಲ್ಲೆ ಅಂದ್ಲು” ಅನ್ನುವಲ್ಲಿ ಮಾತ್ರ ಅವರು ನನ್ನ ಕಡೆ ನೋಡುವುದನ್ನು ಬಿಟ್ಟರು. ಕೊನೆಯ ದಿನಗಳಲ್ಲಿ ಅವರು ಹಾಸಿಗೆ ಹಿಡಿದಾಗ ನಾನೇ ಅವರ ಬಟ್ಟೆ ಬದಲಿಸುತ್ತಿದ್ದೆ. ಹೇಳಲು ಆಗ ಎಷ್ಟು ವೇಳೆ ಇತ್ತು. ಹೇಳಲಿಲ್ಲ.

ಈಗ ನಿನ್ನ ವಿಷಯ, ಅಕ್ಷತಾ. ಆ ಪಾಸ್‌ಪೋರ್ಟಿನ ಚೀಲದಲ್ಲಿ ಸಿಕ್ಕ ಫೋಟೋವನ್ನು ನೀನು ನಿನ್ನ ಫೋನಿನಲ್ಲಿ, ಹವಲ್ಲಿಯಲ್ಲಿ ಹಿಂದೆ ಇದ್ದವರ ಗುಂಪಿಗೆ ಹಾಕಿದೆ. ಸಲ್ಮಾಳ ತೊಡೆಯ ಮೇಲೆ ನಿನ್ನ ಅವ್ವ, ಪಕ್ಕದಲ್ಲಿ ತಲೆ ತಗ್ಗಿಸಿದ ನಾನು. ವಾರದೊಳಗೆ ಅಮ್ಮಾನಿನಿಂದ ಉತ್ತರ ಬಂತು, ಸಲ್ಮಾಳ ತಮ್ಮನ ಮಗ ಬರೆದದ್ದು. ಅತ್ತೆ ಇದ್ದಾಳೆ, ಕಣ್ಣು ಮಂದ, ಆದರೆ ನೆನಪು ಚೊಕ್ಕ. ನೀಲಾನ ಜೊತೆ ಮಾತಾಡಬೇಕು ಅನ್ನುತ್ತಾಳೆ. ನೀನು ಆ ಫೋನು ಹಿಡಿದು ಕುಣಿಯುತ್ತ ಹಿತ್ತಲಿಗೆ ಬಂದೆ.

“ಆಯಿ, ರವಿವಾರ ಊಟ ಆದಮ್ಯಾಲೆ ಫೋನ ಮಾಡತಾರ. ಮಾರಿ ನೋಡ್ಕೊಂಡ ಮಾತಾಡಬಹುದು. ನಿನ್ನ ಅರೇಬಿಕ್ ಎಲ್ಲಾ ತುಕ್ಕ ಹಿಡದೈತಿ, ನಾ ನಡುವ ಕುಂತ ಹೇಳತೇನಿ. ಮದ್ಲ ನಾನ ಕೇಳತೇನಿ ನೋಡ — ಅವತ್ತ ನಮ್ಮ ಆಯಿ ಅಷ್ಟ ಕರದ್ರೂ ಯಾಕ ಬರಲಿಲ್ಲ ಅಂತ.”

ನೀನು ಅದನ್ನು ಕೇಳಬಾರದು, ಮಗಳೇ. ಅದಕ್ಕೇ ಈ ಬರಹ. ಆ ಮುದುಕಿ, ನನ್ನ ಮೊಮ್ಮಗಳ ಬಾಯಿಂದ, ಅವಳದೇ ಮಾತಿನಲ್ಲಿ, ನೀನು ಯಾಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳುವಂತೆ ಆಗಬಾರದು. ನನ್ನ ಸುಳ್ಳು ಇಷ್ಟು ದಿನ ನನ್ನ ಬಾಯಲ್ಲಿತ್ತು, ನಿಮ್ಮ ಅಜ್ಜನ ಬಾಯಲ್ಲಿತ್ತು. ನಿನ್ನ ಬಾಯಿಗೆ ಅದು ದಾಟಬಾರದು.

ನಾನು ಹೇಳಿಕಳಿಸಿ ಆ ಫೋನು ಬೇಡ ಅನ್ನಬಹುದಿತ್ತು. ಕಿವಿ ಕೇಳಿಸುವುದಿಲ್ಲ, ಮೈಯಲ್ಲಿ ಸರಿಯಿಲ್ಲ ಅಂದಿದ್ದರೆ ನೀವು ನಂಬುತ್ತಿದ್ದಿರಿ. ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ಸಲ್ಮಾ ನನ್ನನ್ನು ಬೈಯಲು ಕರೆಯುತ್ತಿಲ್ಲ ಎಂದು ನನಗೆ ಅನ್ನಿಸುತ್ತದೆ. ಇಷ್ಟು ವರ್ಷವೂ ಅವಳು ನಮಗೇ ಏನೋ ಆಗಿರಬೇಕು ಎಂದು ತಿಳಿದಿರಬಹುದು — ದಾರಿಯಲ್ಲಿ ತಡೆದರೋ, ಲಾರಿಯನ್ನು ಕಸಿದುಕೊಂಡರೋ, ನಾವು ಬದುಕಿ ಉಳಿದೆವೋ ಇಲ್ಲವೋ ಎಂದು. ನಾನು ಬರಲಾಗದೆ ಬರಲಿಲ್ಲ ಎಂದು ಅವಳು ನಂಬಿದ್ದರೆ, ಆ ನಂಬಿಕೆಯನ್ನು ಹಾಗೇ ಬಿಡುವುದು ಅವಳಿಗೆ ಸುಖವೋ, ಮುರಿಯುವುದು ನ್ಯಾಯವೋ — ನನಗೆ ಗೊತ್ತಾಗುವುದಿಲ್ಲ. ಇಷ್ಟು ಗೊತ್ತು: ಅವಳು ಏನು ನಂಬಬೇಕು ಎಂದು ತೀರ್ಮಾನ ಮಾಡುವ ಕೆಲಸವನ್ನು ನಾನು ಒಮ್ಮೆ ಮಾಡಿದ್ದೇನೆ. ಮತ್ತೆ ಮಾಡುವುದಿಲ್ಲ.

ರವಿವಾರ ನಾನು ಪಡಸಾಲೆಯಲ್ಲಿ, ಬೆಳಕು ಮುಖಕ್ಕೆ ಬೀಳುವ ಕಡೆ ಕೂರುತ್ತೇನೆ. ನಿಮ್ಮ ಅವ್ವನೂ ಇರಲಿ. ಲಾರಿಯಲ್ಲಿ ಅವರಿಗೆ ಜಾಗ ಬಿಡದಿದ್ದದ್ದು ಕೂಸಿನ ಸಲುವಾಗಿ ಎಂದು ನಾನು ಯಾವತ್ತೂ ನನಗೆ ಹೇಳಿಕೊಂಡು ಬಂದಿದ್ದೇನೆ. ಸುಜಾತಾ ಕೇಳಿಸಿಕೊಳ್ಳಲಿ, ಅದು ಕೂಸಿನ ಸಲುವಾಗಿ ಆಗಿರಲಿಲ್ಲ ಎಂದು.

ಅಕ್ಷತಾ, ನೀನು ನಡುವೆ ಕುಳಿತರೆ ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳು. ಆಗ ಆಯಿ ಸಣ್ಣವಳಿದ್ದಳು, ಹೆದರಿದ್ದಳು ಎಂದು ನಿನ್ನ ಕಡೆಯಿಂದ ಒಂದು ಶಬ್ದ ಸೇರಿಸಬೇಡ. ಅವಳು ಸಿಟ್ಟು ಮಾಡಿದರೆ ಆ ಸಿಟ್ಟನ್ನೂ ಹಾಗೇ ನನಗೆ ಕೊಡು, ಮೆತ್ತಗೆ ಮಾಡಬೇಡ. ಮಾತಾಡದೆ ಫೋನು ಇಟ್ಟರೆ ಮತ್ತೆ ಹಚ್ಚಬೇಡ. ಇದನ್ನು ಓದಿದ ಮೇಲೆ ನಿನಗೆ ನನ್ನ ಪಕ್ಕ ಕೂರುವುದು ಬೇಡ ಅನಿಸಿದರೆ, ಕೂರಬೇಡ; ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಫೋನನ್ನು ನನ್ನ ಎದುರಿಗೆ ನಿಲ್ಲಿಸಿ ಹೋಗು. ತುಕ್ಕು ಹಿಡಿದಿದ್ದರೂ, ಸುಳ್ಳು ಹೇಳಿದೆ ಎನ್ನುವಷ್ಟು ಅರೇಬಿಕ್ ನನಗೆ ಬರುತ್ತದೆ.